ನಲವತ್ತೊಂಬತ್ತರ ಬಾಗಿಲಿನ ರಬ್ಬರ್

ಕಾಯಿಬಾರಿಯೆನ್, ಕ್ಯೂಬಾ
೨೦೦೩, ಫೆಬ್ರವರಿ ೧೧

ಅಪ್ಪಾ,

ನನ್ನ ಕೈಬರಹ ಕಂಡ ಕೂಡಲೇ ನಿನ್ನ ಹುಬ್ಬು ಗಂಟಾಗುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಗಂಟು ಹಾಕಿಕೋ, ಆದರೆ ಕೊನೆಯವರೆಗೆ ಓದು. ನಿವಾಲ್ದೊನನ್ನು ಮದುವೆಯಾದೆ ಎಂದು ಎರಡು ವರ್ಷದಿಂದ ನೀನು ನನಗೆ ಒಂದು ಸಾಲು ಬರೆದಿಲ್ಲ. ನೀನು ಇಲ್ಲಿ ಬಿಟ್ಟುಹೋದ ಹೆಂಡತಿಗೆ ಬರೆಯುತ್ತೀಯ, ಮಗಳಿಗಿಲ್ಲ. ಇರಲಿ. ಜಗಳಕ್ಕೆಂದು ಬರೆಯುತ್ತಿಲ್ಲ. ಒಂದು ಸಾಮಾನು ಬೇಕಾಗಿದೆ.

ನಮ್ಮ ಹತ್ತಿರ ಈಗ ಕಾರಿದೆ. ನಾಲ್ಕು ಬಾಗಿಲಿನ ಹಳೇ ಅಮೆರಿಕನ್ ಪ್ಲಿಮತ್. ರೆಮೆದಿಯೋಸಿನಲ್ಲಿ ಡಾಕ್ಟರರ ವಿಧವೆಯೊಬ್ಬಳ ಹಿತ್ತಿಲಲ್ಲಿ ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆಯಿಡುತ್ತಿದ್ದವು. ನಿವಾಲ್ದೊ ತನ್ನ ಅಜ್ಜಿಯ ಫ್ರಿಜ್ಜನ್ನೂ ಎರಡು ಹಂದಿಗಳನ್ನೂ ಕೊಟ್ಟು ಅದನ್ನು ಬದಲಾಯಿಸಿಕೊಂಡು ಬಂದ. ಎಂಜಿನ್ ರಷ್ಯಾದ ಡೀಸೆಲ್, ಬ್ರೇಕು ಲಾಡಾ ಕಾರಿನದು, ಸ್ಟೀರಿಂಗ್ ಯಾರದೋ ದೇವರಿಗೇ ಗೊತ್ತು. ಆದರೂ ಓಡುತ್ತದೆ. ಇಲ್ಲಿಂದ ರೆಮೆದಿಯೋಸಿಗೆ ಬಾಡಿಗೆ ಹೊಡೆಯುತ್ತೇವೆ.

ಇದರ ಬಾಗಿಲುಗಳ ಸುತ್ತಲಿನ ರಬ್ಬರ್ ಪಟ್ಟಿ ಪುಡಿಯಾಗಿ ಉದುರಿಹೋಗಿದೆ. ನಾಲ್ಕೂ ಬಾಗಿಲಿಗೆ ಬೇಕು. ಕಾಗದಪತ್ರದಲ್ಲಿ ೧೯೪೯ರ ಮಾಡೆಲ್ ಎಂದಿದೆ. ಟೈರಿನ ಟ್ಯೂಬು ಕತ್ತರಿಸಿ ಅಂಟಿಸಿ ನೋಡಿದೆ, ಸ್ವಲ್ಪ ದಿನ ಬಂತು, ಆಮೇಲೆ ಎದ್ದುಬಂತು. ಮಳೆಗಾಲದಲ್ಲಿ ಹಿಂದೆ ಕೂತವರ ಕಾಲು ಒದ್ದೆಯಾಗುತ್ತದೆ, ಇಳಿಯುವಾಗ ಮುಖ ಸಿಂಡರಿಸುತ್ತಾರೆ. "ನಿಮ್ಮಪ್ಪ ಅಲ್ಲಿ ಗಾಡಿ ರಿಪೇರಿ ಅಂಗಡೀಲೇ ಇದಾರಲ್ಲ, ಒಂದು ಮಾತು ಬರಿ" ಎಂದ ನಿವಾಲ್ದೊ. "ಬರಿಯೋದೇನೋ ಬರೀತೀನಿ, ಓದೋರು ಬೇಕಲ್ಲ" ಎಂದೆ.

ನನ್ನ ಪಂಕ್ಚರ್ ಅಂಗಡಿ ನಡೆಯುತ್ತಿದೆ. ಅಮ್ಮ ಚೆನ್ನಾಗಿದ್ದಾಳೆ, ರೇಷನ್ನಿನ ಬಟಾಣಿ ಬೆರೆಸಿದ ಕಾಫಿಯನ್ನು ಬೈದುಕೊಂಡೇ ಮೂರು ಹೊತ್ತೂ ಕುಡಿಯುತ್ತಾಳೆ. ಈ ಕಾಗದವನ್ನು ಮಾರುಕಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಆಕೆ ತಿಂಗಳಿಗೊಮ್ಮೆ ನಿಮ್ಮ ಕಡೆಗೂ ನಮ್ಮ ಕಡೆಗೂ ಸಾಮಾನು ಹೊರುತ್ತಾಳೆ. ಉತ್ತರವನ್ನೂ ಅವಳಿಗೇ ಕೊಡು. ಅಂಚೆಗೆ ಹಾಕಬೇಡ.

ಈಗಲೂ ನಿನ್ನ ಮಗಳೇ ಆಗಿರುವ,
ಇದಾನಿಯಾ


ಹಯಾಲಿಯಾ, ಫ್ಲಾರಿಡಾ
೨೦೦೩, ಮಾರ್ಚ್ ೯

ಇದಾನಿಯಾ,

ಓದಿದೆ. ಎರಡು ಸಲ ಓದಿದೆ. ಸಮಾಧಾನವಾಯಿತೇ?

ಮೊದಲು ನನ್ನ ಕೋಪ ಹೇಳಿ ಮುಗಿಸುತ್ತೇನೆ, ಆಮೇಲೆ ಕಾರು. ಇಲ್ಲಿ ಕಾಲೂರಿದ ಮೇಲೆ ನಾನು ಮಾಡಿದ ಮೊದಲ ಕೆಲಸ ನಿನ್ನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದು. ಪೌರತ್ವ ಇಲ್ಲದ ನನ್ನಂಥವನು ಮದುವೆಯಾಗದ ಮಗಳನ್ನು ಮಾತ್ರ ಕರೆಸಬಹುದು. ವರ್ಷಗಟ್ಟಲೆ ಸಾಲಿನಲ್ಲಿ ನಿಂತೆವು. ಇನ್ನೇನು ನಮ್ಮ ಸರದಿ ಬರಬೇಕು. ಅವನ ಜೊತೆ ಇರು, ಬೇಕಾದರೆ ಮಕ್ಕಳನ್ನೂ ಹೆರು, ರಿಜಿಸ್ಟ್ರಾರ್ ಮುಂದೆ ಮಾತ್ರ ಸಹಿ ಹಾಕಬೇಡ ಎಂದು ನಿನ್ನನ್ನು ಬೇಡಿಕೊಂಡೆ. ನೀನು ಹಾಕಿದೆ. ಆ ದಿನವೇ ಅರ್ಜಿ ಸತ್ತಿತು. ಮಗಳಿಗಿಂತ ಮೊದಲು ಅವಳ ಕೋಣೆಗೆ ಮಂಚ ತಂದಿಟ್ಟಿದ್ದ ಮೂರ್ಖ ನಾನು. ಮುಗಿಯಿತು, ಇನ್ನು ಹೇಳುವುದಿಲ್ಲ.

ಈಗ ಕಾರು. ಬರೀ ನಲವತ್ತೊಂಬತ್ತು ಎಂದರೆ ಸಾಲದು. ಆ ವರ್ಷ ಪ್ಲಿಮತ್‌ನ ಹೊಸ ಬಾಡಿ ತಡವಾಗಿ ಬಂತು. ಅಲ್ಲಿಯವರೆಗೆ ನಲವತ್ತೆಂಟರ ಗಾಡಿಯನ್ನೇ ನಲವತ್ತೊಂಬತ್ತು ಎಂದು ಮಾರಿದರು. ಹಾಗಾಗಿ ನಲವತ್ತೊಂಬತ್ತರಲ್ಲಿ ಎರಡು ಜಾತಿ. ಕಾಗದ ಎರಡಕ್ಕೂ ಒಂದೇ, ರಬ್ಬರ್ ಬೇರೆ ಬೇರೆ. ಹಳೇ ಬಾಡಿಗೆ ತೆಳ್ಳಗಿನ ಪಟ್ಟಿ ಬರುತ್ತದೆ. ಹೊಸದಕ್ಕೆ ಒಳಗೆ ಪೊಳ್ಳಿರುವ ದಪ್ಪ ಕೊಳವೆ. ಆ ದಪ್ಪದ್ದನ್ನು ಹಳೇ ಬಾಡಿಗೆ ಹಾಕಿದರೆ ಬಾಗಿಲೇ ಮುಚ್ಚುವುದಿಲ್ಲ.

ಟಾಪ್ ಗುಂಡಗಿದೆಯೋ ಚಪ್ಪಟೆಯೋ? ಗಾಡಿ ಶುರುವಾಗುವುದು ಗುಂಡಿ ಒತ್ತಿದರೋ, ಕೀಲಿ ತಿರುಗಿಸಿದರೋ? ಎಲ್ಲಕ್ಕಿಂತ ಮುಖ್ಯ, ಮುಂಬಾಗಿಲನ್ನು ತೆರೆದರೆ ಕೀಲು ಕೂರುವ ಕಂಬದ ಮೇಲೆ ಒಂದು ಸಣ್ಣ ತಗಡು ಇರುತ್ತದೆ, ಅದರ ಮೇಲೆ ನಂಬರು. ಆ ನಂಬರು ಕಳಿಸು. ಎಂಜಿನ್ ನಂಬರು ಬೇಡ, ರಷ್ಯಾದವನ ಜಾತಕ ತೆಗೆದುಕೊಂಡು ನಾನೇನು ಮಾಡಲಿ.

ನಿಮ್ಮಮ್ಮ ಸೊರಾಯ್ದಾಗೆ ಒಂದು ಪೊಟ್ಟಣ ಕಾಫಿ ಕಳಿಸಿದ್ದೇನೆ. ಬಟಾಣಿ ಇಲ್ಲದ್ದು.

ಅಪ್ಪ


ಕಾಯಿಬಾರಿಯೆನ್
೨೦೦೩, ಏಪ್ರಿಲ್ ೨

ಅಪ್ಪಾ,

ನೀನು ಕೋಪ ಹೇಳಿ ಮುಗಿಸಿದೆ, ನಾನು ಕಾರಣ ಹೇಳಿ ಮುಗಿಸುತ್ತೇನೆ. ನಿವಾಲ್ದೊನನ್ನು ಸರಕಾರದ ಪಾಲಿನ ನಳ್ಳಿ ಹಿಡಿದ ಎಂದು ಜೈಲಿಗೆ ಹಾಕಿದ್ದರು. ಸಮುದ್ರದ ಪಕ್ಕದಲ್ಲಿ ಹುಟ್ಟಿದವನು ನಳ್ಳಿ ಹಿಡಿಯದೆ ನವಿಲು ಹಿಡಿಯುತ್ತಾನೆಯೇ? ಜೈಲಿನ ಬಾಗಿಲಲ್ಲಿ ಕಾಗದ ಕೇಳಿದರು. ಹೆಂಡತಿಯಾದರೆ ಒಳಗೆ ಬಿಡುತ್ತೇವೆ, ಇಲ್ಲದಿದ್ದರೆ ಮನೆಗೆ ನಡಿ ಎಂದರು. ಅವನು ಒಳಗೆ ಜ್ವರದಲ್ಲಿ ಮಲಗಿದ್ದ. ಸಹಿ ಹಾಕಿದೆ. ನಿನ್ನ ಅರ್ಜಿಯ ನೆನಪು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಅತ್ತುಬಿಟ್ಟೆ, ಹಾಕಿದೆ. ಹೊರಬಂದ ಮೇಲೆ ಅವನ ದೋಣಿಯ ಪರವಾನಗಿಯನ್ನೂ ಕಿತ್ತುಕೊಂಡರು. ಈಗ ದಂಡೆಯಲ್ಲಿ ನಿಂತು ಬೇರೆಯವರ ದೋಣಿ ಎಣಿಸುತ್ತಾನೆ.

ನಿನ್ನ ಪ್ರಶ್ನೆಗಳಿಗೆ ಬರುತ್ತೇನೆ. ಟಾಪ್ ನೋಡಿ ಏನೂ ಹೇಳುವಂತಿಲ್ಲ. ಯಾವುದೋ ಬಿರುಗಾಳಿಯಲ್ಲಿ ತೆಂಗಿನಮರ ಬಿದ್ದು ಚಪ್ಪಟೆಯಾದದ್ದನ್ನು ಡಾಕ್ಟರು ನೀರಿನ ಟ್ಯಾಂಕಿನ ತಗಡಿನಿಂದ ಬೆಸುಗೆ ಹಾಕಿಸಿದ್ದಾರೆ. ಮುಂದಿನ ಮಡ್‌ಗಾರ್ಡ್ ಡಾಜ್ ಗಾಡಿಯದು. ಶುರು ಮಾಡುವುದು ಗುಂಡಿಯಿಂದಲೂ ಅಲ್ಲ, ಕೀಲಿಯಿಂದಲೂ ಅಲ್ಲ, ಎರಡು ವೈರು ತಾಗಿಸುತ್ತೇವೆ.

ತಗಡು ಇತ್ತು. ಮೇಲೆ ಹಸಿರು, ಅದರ ಕೆಳಗೆ ಕೆನೆ, ಅದರ ಕೆಳಗೆ ಕಪ್ಪು, ಎಷ್ಟು ಬಣ್ಣ ಬಳಿದಿದ್ದಾರೋ. ಸೀಮೆಎಣ್ಣೆ ಹಚ್ಚಿ ಉಪ್ಪುಕಾಗದದಲ್ಲಿ ಮೆಲ್ಲಗೆ ತಿಕ್ಕಿದೆ. ಕೊನೆಯ ಎರಡು ಅಂಕಿ ಕಾಣಲಿಲ್ಲ. ಅಮ್ಮ ಅದರ ಮೇಲೆ ಕಾಗದ ಇಟ್ಟು ಸೀಸದಕಡ್ಡಿಯಿಂದ ಉಜ್ಜಿದಳು, ಎಲ್ಲ ಮೂಡಿತು. ಆ ಚೂರನ್ನೇ ಇದರ ಜೊತೆಗಿಟ್ಟಿದ್ದೇನೆ. "ನೋಡು, ನಿಮ್ಮಪ್ಪಂಗಿಂತ ನಾನೇ ವಾಸಿ ಮೆಕ್ಯಾನಿಕ್ಕು" ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು.

ಇನ್ನೊಂದಿಷ್ಟು. ಡಿಕ್ಕಿಯ ಸುತ್ತಲಿನ ರಬ್ಬರೂ ಬೇಕು. ಕ್ಲಚ್ಚು, ಬ್ರೇಕಿನ ಪೆಡಲು ನೆಲದಿಂದ ಮೇಲೆ ಬರುವ ತೂತುಗಳಿಗೆ ಮುಚ್ಚಳ ಸಿಕ್ಕರೆ ಅದೂ. ನೆಲದಲ್ಲಿ ಬೇರೆ ತೂತುಗಳಿದ್ದವು, ಅವನ್ನು ನಿವಾಲ್ದೊ ಬೆಸುಗೆ ಹಾಕಿ ಮುಚ್ಚಿದ್ದಾನೆ.

ಇದಾನಿಯಾ


ಹಯಾಲಿಯಾ
೨೦೦೩, ಏಪ್ರಿಲ್ ೨೭

ಮಗಳೇ,

ನಂಬರು ಇಲ್ಲಿನ ಹಳೇ ಪುಸ್ತಕದಲ್ಲಿ ಹೊಂದಿಸಿ ನೋಡಿದೆ. ಅನುಮಾನವೇ ಇಲ್ಲ. ನಿಮ್ಮ ಗಾಡಿ ನಲವತ್ತೊಂಬತ್ತೆಂದು ಮಾರಿದ ನಲವತ್ತೆಂಟು. ಹಳೇ ಬಾಡಿ. ತೆಳು ಪಟ್ಟಿ ಬೇಕು.

ಆದರೆ ನಾನು ಕಳಿಸುವುದಿಲ್ಲ. ಮಳೆ ಮೇಲಿನಿಂದ ಬರುತ್ತದೆ ಮಗಳೇ. ನೀನು ಕೇಳಿರುವುದೆಲ್ಲ ಕೆಳಗಿನದು. ನೆಲದ ತೂತು ಮುಚ್ಚಿದ್ದೀರಿ, ಪೆಡಲಿನ ತೂತು ಮುಚ್ಚುತ್ತೀರಿ, ಮುಂದಿನ ಗಾಜಿನ ರಬ್ಬರಿನ ಮಾತೇ ಇಲ್ಲ, ಮಳೆ ಮೊದಲು ನುಗ್ಗುವುದೇ ಅಲ್ಲಿಂದ. ಬಾಡಿಗೆ ಗಾಡಿಯ ನೆಲವನ್ನು ಹೀಗೆ ಯಾರೂ ಮುಚ್ಚುವುದಿಲ್ಲ. ನೀವು ಆ ಕಾರನ್ನೇ ದೋಣಿ ಮಾಡಿಕೊಂಡು, ಸಮುದ್ರಕ್ಕಿಳಿಸಿ ಇಲ್ಲಿಗೆ ಬರಲು ಹೊರಟಿದ್ದೀರಿ.

ನಾನು ಆ ನೀರು ದಾಟಿದವನು. ನಿನ್ನ ಚಿಕ್ಕಪ್ಪ ಎಲಿಯಾದೆಸ್ ದಾರಿಯಲ್ಲಿ ಹೋದ ಎಂದಷ್ಟೇ ನಿಮಗೆ ಬರೆದಿದ್ದೆ. ಹೇಗೆಂದು ಈಗ ಕೇಳು. ಕುಡಿಯುವ ನೀರು ಮುಗಿದಿತ್ತು. ನಾನು ಬೇಡವೆಂದರೂ ಕೇಳದೆ ಅವನು ಸಮುದ್ರದ್ದನ್ನು ಕುಡಿದ. ಮಾರನೆಯ ದಿನ ಬಿಸಿಲಲ್ಲಿ ಎದ್ದು ಕೂತು, ಅಂಗಿಯ ಗುಂಡಿ ಹಾಕಿಕೊಂಡು, "ತಡಿ ಅಣ್ಣ, ಮೂಲೆ ಅಂಗಡೀಲಿ ಸಿಗರೇಟ್ ತಗೊಂಡ್ ಬಂದೆ" ಎಂದ. ತೆಪ್ಪದಿಂದ ಬೀದಿಗಿಳಿದ ಹಾಗೆ ಇಳಿದ. ನಾನು ಅವನ ಕಾಲರು ಹಿಡಿದೆ. ಕಾಲರು ಕೈಯಲ್ಲಿ ಉಳಿಯಿತು.

ನಾನು ಪೌರತ್ವಕ್ಕೆ ಅರ್ಜಿ ಹಾಕುತ್ತೇನೆ. ಸಿಕ್ಕಿದ ಮೇಲೆ ಮದುವೆಯಾದ ಮಗಳನ್ನೂ ಅಳಿಯನನ್ನೂ ಕರೆಸಬಹುದು. ಕಾಯಿರಿ. ನಿನ್ನ ಕಾಲಿಗೆ ಬೀಳುತ್ತೇನೆ.

ಅಪ್ಪ


ಕಾಯಿಬಾರಿಯೆನ್
೨೦೦೩, ಮೇ ೨೦

ಅಪ್ಪಾ,

ಹೌದು.

ನಿನಗೆ ಸುಳ್ಳು ಹೇಳಿದ್ದಕ್ಕೆ ಬೇಸರವಿದೆ. ಹೇಳಿ ಕೇಳಿದರೆ ಕಳಿಸುವುದಿಲ್ಲವೆಂದು ಗೊತ್ತಿತ್ತು. ಚಿಕ್ಕಪ್ಪನ ವಿಷಯವನ್ನು ಅಮ್ಮನಿಗೆ ಓದಿ ಹೇಳಲಾಗಲಿಲ್ಲ. ಆ ಹಾಳೆಯನ್ನು ನನ್ನ ಹತ್ತಿರ ಇಟ್ಟುಕೊಂಡೆ.

ಮದುವೆಯಾದ ಮಗಳ ಸಾಲು ಎಷ್ಟುದ್ದ ಎಂದು ಮಾರುಕಾಳನ್ನು ಕೇಳಿದೆ. ಅವಳ ಅಕ್ಕ ಹತ್ತು ವರ್ಷದಿಂದ ನಿಂತಿದ್ದಾಳಂತೆ. ನನಗೆ ಮೂವತ್ತೆರಡು. ಪರವಾನಗಿ ಹೋದ ಮೇಲೆ ನಿವಾಲ್ದೊ ಮಾತು ಬಿಟ್ಟಿದ್ದ. ಬೆಳಿಗ್ಗೆ ಎದ್ದು ದಂಡೆಗೆ ಹೋಗುತ್ತಿದ್ದ, ಊಟದ ಹೊತ್ತಿಗೆ ಬರುತ್ತಿದ್ದ, ತಟ್ಟೆ ನೋಡುತ್ತಿದ್ದ. ಒಂದು ದಿನ ಒಬ್ಬನೇ ಟ್ಯೂಬು ಕಟ್ಟಿಕೊಂಡು ಸಮುದ್ರಕ್ಕಿಳಿದುಬಿಡುತ್ತಾನೆ ಎಂದು ನನಗೆ ಭಯವಿತ್ತು. ಕಾರಿನ ಯೋಚನೆ ಬಂದ ಮೇಲೆ ಒಂದಿಷ್ಟು ನಗುತ್ತಿದ್ದಾನೆ. ಡೀಸೆಲ್ ಎಂಜಿನ್ನಿನಿಂದ ನೀರಲ್ಲಿ ತಿರುಗುವ ಪಂಖಕ್ಕೆ ಶಾಫ್ಟ್ ಕೊಟ್ಟು ಆಗಿದೆ. ನೀರು ನುಗ್ಗದ ಹಾಗೆ ಬಾಗಿಲು ಮುಚ್ಚಬೇಕು, ಅದೊಂದೇ ಬಾಕಿ.

ಅವನು ನೀನಂದುಕೊಂಡಷ್ಟು ಹುಚ್ಚನಲ್ಲ. "ರಬ್ಬರ್ ಗಟ್ಟಿಯಾಗಿ ಕೂರ್ದೆ ನಾನು ನೀರಿಗಿಳಿಯಲ್ಲ ಕಣೇ. ಸಾಯೋಕಾದ್ರೆ ಇಲ್ಲೇ ಸಾಯಬಹುದಲ್ಲ, ಪುಕ್ಕಟೆ" ಎನ್ನುತ್ತಾನೆ. ಸಮುದ್ರ ಆಗಸ್ಟ್ ನಡುವಿನವರೆಗೆ ಸುಮ್ಮನಿರುತ್ತದೆ. ಆಮೇಲೆ ಬಿರುಗಾಳಿ, ಅದಾದ ಮೇಲೆ ಬಡಗಣ ಗಾಳಿ. ಅದಕ್ಕೇ ಅವಸರ.

ನೀನು ಕಳಿಸದಿದ್ದರೆ ನಿಮ್ಮ ಕಡೆಯ ಟಾಂಪಾದಲ್ಲಿರುವ ಅವನ ಸೋದರಮಾವನ ಮಗ ಕಳಿಸುತ್ತಾನೆ. ಅವನಿಗೆ ಪ್ಲಿಮತ್‌ಗೂ ಪ್ರೆಷರ್ ಕುಕ್ಕರಿಗೂ ವ್ಯತ್ಯಾಸ ಗೊತ್ತಿಲ್ಲ. ನಿನ್ನ ಕೈಯಿಂದ ಬಂದರೆ ಸರಿಯಾದದ್ದು ಬರುತ್ತದೆ ಎಂದು ನಿನ್ನನ್ನು ಕೇಳಿದೆ, ಅಪ್ಪಾ. ಅದಕ್ಕೇ ಕೇಳಿದೆ.

ಇದಾನಿಯಾ


ಹಯಾಲಿಯಾ
೨೦೦೩, ಜೂನ್ ೮

ಸೊರಾಯ್ದಾ,

ಈ ಕಾಗದವನ್ನು ಮಾರುಕಾ ನಿನ್ನ ಕೈಗೇ ಕೊಡುತ್ತಾಳೆ. ಓದಿ ಒಲೆಗೆ ಹಾಕು.

ಇದಾನಿಯಾಗೆ ರಬ್ಬರ್ ಕಳಿಸುತ್ತಿದ್ದೇನೆ. ಜೊತೆಗೆ "ಕಳಿಸಿದ್ದೇನೆ, ಹುಷಾರು" ಎಂದು ಒಂದು ಚೀಟಿ. ಆದರೆ ಕಳಿಸುತ್ತಿರುವುದು ಅವರ ಗಾಡಿಯದಲ್ಲ. ಅವರದು ಹಳೇ ಬಾಡಿ, ನಾನು ಕೊಂಡದ್ದು ಹೊಸ ಬಾಡಿಯದು. ಪೊಳ್ಳು ಕೊಳವೆ. ಅದನ್ನು ಹಚ್ಚಿದರೆ ಬಾಗಿಲು ಮುಚ್ಚುವುದೇ ಇಲ್ಲ. ಗಟ್ಟಿಯಾಗಿ ಕೂರದೆ ಅಳಿಯ ನೀರಿಗಿಳಿಯುವುದಿಲ್ಲವಂತೆ. ಒಳ್ಳೆಯದು, ಇಳಿಯದಿರಲಿ. ತಪ್ಪು ಸಾಮಾನು ಬಂತೆಂದು ಅವಳು ನನಗೆ ಬರೆಯಬೇಕು, ಮಾರುಕಾ ತರಬೇಕು, ನಾನು ಸರಿಯಾದದ್ದು ಹುಡುಕುವ ನಾಟಕವಾಡಬೇಕು. ಅಷ್ಟರಲ್ಲಿ ಆಗಸ್ಟ್ ಕಳೆಯುತ್ತದೆ. ಒಂದು ವರ್ಷ ಸಿಕ್ಕ ಹಾಗಾಯಿತು. ಆ ವರ್ಷದಲ್ಲಿ ನಾನು ಏನಾದರೂ ಮಾಡುತ್ತೇನೆ.

ಕಳಿಸದೆ ಕೂತರೆ ಆ ಟಾಂಪಾದವನು ಕಳಿಸಿಬಿಡುತ್ತಾನೆ, ಅದಕ್ಕೇ ಈ ಕೆಲಸ.

ಅವಳು ಬೈಯಲಿ. ಅಪ್ಪನಿಗೆ ಅರಳುಮರಳು ಎನ್ನಲಿ. ಬದುಕಿದ್ದು ಬೈಯಲಿ. ನೀನು ಮಾತ್ರ ಬಾಯಿಬಿಡಬೇಡ. ಬೇಕೆಂದೇ ಕಳಿಸಿದೆ ಎಂದು ಗೊತ್ತಾದರೆ ಆ ಕ್ಷಣವೇ ಟಾಂಪಾಕ್ಕೆ ಬರೆಯುತ್ತಾಳೆ. ನಿನಗೆ ನಾನು ಹಿಂದೆ ಹೇಳಿದ್ದು ಒಂದೂ ನಡೆಸಿಕೊಟ್ಟಿಲ್ಲ, ಗೊತ್ತು. ಇದೊಂದನ್ನು ನನಗಾಗಿ ಅಲ್ಲ, ಅವಳಿಗಾಗಿ ನಡೆಸು.

ಅರ್ಸೆನಿಯೊ


ಕಾಯಿಬಾರಿಯೆನ್
೨೦೦೩, ಜುಲೈ ೧೦

ನನ್ನ ಮುದ್ದು ಮರೆಗುಳಿ ಅಪ್ಪಾ,

ರಬ್ಬರ್ ಬಂತು. ಸುರುಳಿ ಬಿಚ್ಚಿ ನೋಡಿ ನಾನೂ ನಿವಾಲ್ದೊನೂ ಮುಖ ಮುಖ ನೋಡಿಕೊಂಡೆವು. ಹಳೇ ಬಾಡಿ ಎಂದು ನೀನೇ ಬರೆದೆ, ತೆಳು ಪಟ್ಟಿ ಎಂದು ನೀನೇ ಬರೆದೆ, ಕಳಿಸಿದ್ದು ಹೊಸ ಬಾಡಿಯ ಕೊಳವೆ. ಅಂಗಡಿಯವನು ಕಾಗದ ನೋಡಿ ನಲವತ್ತೊಂಬತ್ತಕ್ಕೆ ನಲವತ್ತೊಂಬತ್ತು ಕಟ್ಟಿಕೊಟ್ಟಿರಬೇಕು, ನೀನು ಕನ್ನಡಕ ಹಾಕಿಕೊಳ್ಳದೆ ತೆಗೆದುಕೊಂಡಿರಬೇಕು. ನಿವಾಲ್ದೊ ಸುರುಳಿಯನ್ನು ಕುತ್ತಿಗೆಗೆ ಹಾಕಿಕೊಂಡು, "ನಿಮ್ಮಪ್ಪ ನಂಗೆ ಹಾರ ಕಳ್ಸವ್ರೆ, ಈಗ ಒಪ್ಕೊಂಡ್ರು ಅಂತ ಆಯ್ತು" ಎಂದು ಅಂಗಳದಲ್ಲಿ ಕುಣಿದ. ಅಷ್ಟು ನಕ್ಕದ್ದು ಎಷ್ಟು ದಿನವಾಗಿತ್ತೋ.

ನೀನು ಕೊರಗಬೇಡ ಎಂದೇ ಇದನ್ನು ಬರೆಯುತ್ತಿರುವುದು. ಅಲ್ಲಿ ಸರಿಯಾದ ಗಾಡಿಗೆ ಸರಿಯಾದ ಸಾಮಾನು ಸಿಕ್ಕಿ ಸಿಕ್ಕಿ ನಿನಗೆ ಇಲ್ಲಿನದು ಮರೆತುಹೋಗಿದೆ. ಈ ದೇಶದಲ್ಲಿ ಯಾವ ಸಾಮಾನು ಯಾವ ಗಾಡಿಗೆ ಹೊಂದಿಕೊಂಡು ಹುಟ್ಟಿದೆ, ಹೇಳು? ಟ್ರ್ಯಾಕ್ಟರಿನ ಪಿಸ್ಟನ್ನನ್ನು ಮೋಟರ್‌ಸೈಕಲ್ಲಿಗೆ ಉಜ್ಜಿ ಕೂರಿಸಿದವನು ನೀನು. ಪಕ್ಕದಲ್ಲಿ ಲಾಟೀನು ಹಿಡಿದು ನಿಂತು ಕಲಿತವಳು ನಾನು. ಅದೂ ಅಲ್ಲದೆ ರಬ್ಬರು ಅಪ್ಪಾ, ನನ್ನ ಹೊಟ್ಟೆಪಾಡೇ ರಬ್ಬರು.

ಕೊಳವೆಯನ್ನು ಉದ್ದಕ್ಕೂ ಸೀಳಿದೆ. ಒಂದಕ್ಕೆ ಎರಡು ಪಟ್ಟಿ ಬಂತು, ಡಿಕ್ಕಿಗೂ ಆಯಿತು. ಬಾಗಿಲ ಅಂಚು ಕೆರೆದು, ಸೊಲ್ಯೂಷನ್ ಬಳಿದು, ನಿವಾಲ್ದೊನ ಅಜ್ಜಿಯ ಇಸ್ತ್ರಿಪೆಟ್ಟಿಗೆ ಕಾಯಿಸಿ ಪ್ಯಾಚ್ ಹಾಕುವ ಹಾಗೆ ಗೇಣು ಗೇಣು ಒತ್ತುತ್ತ ಹೋದೆ. ಪಟ್ಟಿ ಸುಕ್ಕಾಗದ ಹಾಗೆ ಅಮ್ಮ ಎಳೆದು ಹಿಡಿದಳು. ಆಮೇಲೆ ಬಾಗಿಲು ಮುಚ್ಚಿ, ಕಿಟಕಿಯಿಂದ ಕೊಡದಲ್ಲಿ ನೀರು ಸುರಿದು ಕಾರನ್ನು ಸೀಟಿನ ಮಟ್ಟಕ್ಕೆ ತುಂಬಿಸಿ ಬಿಟ್ಟೆವು. ಪಕ್ಕದ ಮನೆಯವಳು ಬೇಲಿಯ ಮೇಲಿಂದ, "ಕಾರಿಗೆ ಸ್ನಾನ ಹೊರಗಿಂದ ಮಾಡಿಸ್ತಾರೆ ಕಣಮ್ಮ" ಎಂದಳು. "ಕೋಳಿ ವಾಸನೆ ಹೋಗ್ಲಿ ಅಂತ" ಎಂದೆ. ಬೆಳಿಗ್ಗೆ ನೋಡಿದರೆ ಕೆಳಗಿನ ಮಣ್ಣು ಒಣಗಿಯೇ ಇತ್ತು. "ಸರಿಯಾದ್ದು ಕಳ್ಸಿದ್ರೂ ಇಷ್ಟ್ ಚೆನ್ನಾಗಿ ಕೂರ್ತಿರ್ಲಿಲ್ಲ" ಎಂದ ನಿವಾಲ್ದೊ.

ಮಾರುಕಾ ಈ ಕಾಗದ ಕೊಡುವ ಮೊದಲೇ ನಾನು ನಿನ್ನ ಬಾಗಿಲು ತಟ್ಟಿದರೂ ತಟ್ಟಿಯೇನು. ಕುಡಿಯುವ ನೀರು ಬೇಕಾದಷ್ಟು ತುಂಬಿಸಿಕೊಳ್ಳುತ್ತಿದ್ದೇವೆ. ಸಮುದ್ರದ್ದು ಒಂದು ಹನಿ ಬಾಯಿಗೆ ಹಾಕುವುದಿಲ್ಲ, ಪ್ರಮಾಣ. ಆ ಮಂಚ ಇನ್ನೂ ಇದ್ದರೆ ಮಾರಬೇಡ.

ನೀನು ಕೊನೆಗೂ ಕಳಿಸಿದೆಯಲ್ಲ, ನನಗೆ ಅದೇ ಸಾಕು.

ನಿನ್ನ ಮಗಳು,
ಇದಾನಿಯಾ


ಕಾಯಿಬಾರಿಯೆನ್
೨೦೦೩, ಆಗಸ್ಟ್ ೬

ಅರ್ಸೆನಿಯೊ,

ಅವರು ಬಂದರೇ? ಬಂದಿದ್ದರೆ ಯಾಕೆ ತಿಳಿಸಲಿಲ್ಲ? ನನ್ನ ಮೇಲೆ ಕೋಪವಿದ್ದರೆ ಇರಲಿ, ಇದಾನಿಯಾಳ ಕೈಯಲ್ಲಿ ಒಂದು ಸಾಲು ಬರೆಸು.

ಜುಲೈ ಹದಿನಾರಕ್ಕೆ, ಕಾರ್ಮೆನ್ ಮಾತೆಯ ಹಬ್ಬದ ದಿನ ಹೋದರು. ಊರೆಲ್ಲ ಮೆರವಣಿಗೆಯಲ್ಲಿದ್ದಾಗ ಹೊರಟರು. ಇದಾನಿಯಾ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, "ರೆಮೆದಿಯೋಸಿಗೆ ಬಾಡಿಗೆ ಬಂದಿದೆ ಅಮ್ಮ, ಹೋಗ್ಬರ್ತೀವಿ" ಎಂದಳು. ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅಳಲಿಲ್ಲ.

ಬಾಯಿ ಮುಚ್ಚಿಕೊಂಡಿರು ಎಂದು ನೀನು ಬರೆದಿದ್ದೆ. ಮುಚ್ಚಿಕೊಂಡೆ. ಅವಳು ಇಸ್ತ್ರಿ ಒತ್ತುವಾಗ ಪಟ್ಟಿ ಎಳೆದು ಹಿಡಿದವಳು ನಾನು. ಇದು ನಿಲ್ಲುವುದಿಲ್ಲ, ಕೂರಬಾರದೆಂದೇ ಕಳಿಸಿದ ಸಾಮಾನು ಇದು, ತಾನಾಗಿ ಎದ್ದುಬರುತ್ತದೆ, ಆಗ ನಿಂತುಬಿಡುತ್ತಾರೆ ಎಂದುಕೊಂಡು ಹಿಡಿದೆ. ಅದು ಎದ್ದುಬರಲಿಲ್ಲ. ಆಗಲಾದರೂ ಹೇಳಬೇಕಿತ್ತು. ಅವಳು ಅಷ್ಟು ಸಂತೋಷದಲ್ಲಿದ್ದಳು. "ಅಪ್ಪ ಒಪ್ಪಿಕೊಂಡ್ರು ಅಮ್ಮ" ಎಂದು ಹಾಡಿನ ಹಾಗೆ ಹೇಳುತ್ತಿದ್ದಳು. ಆ ಮಾತು ಕೇಳಿದ ಮೇಲೆ ಹೇಳುವ ಬದಲು ಅವರ ಕುಡಿಯುವ ನೀರಿನ ಡಬ್ಬ ತೊಳೆದುಕೊಟ್ಟೆ.

ಇಲ್ಲಿ ಸಮುದ್ರ ತಟ್ಟೆಯ ಹಾಗೆ ಸುಮ್ಮನೆ ಬಿದ್ದಿದೆ. ದಿನಾ ಹೋಗಿ ನೋಡುತ್ತೇನೆ. ಕಾವಲಿನವರು ಮನೆಗೆ ಬಂದು ಅವರೆಲ್ಲಿ ಎಂದು ನನ್ನನ್ನೇ ಕೇಳಿದರು. ಗೊತ್ತಿದ್ದರೆ ನೀವೇ ಹೇಳಿ ಎಂದೆ.

ಬಂದಿದ್ದಾರೆ ಎಂದು ಬರೆ.

ಸೊರಾಯ್ದಾ


ಹಯಾಲಿಯಾ
೨೦೦೩, ಆಗಸ್ಟ್ ೨೪

ಸೊರಾಯ್ದಾ,

ಬಂದಿಲ್ಲ.

ಇದಾನಿಯಾಳ ಕಾಗದ ಜುಲೈ ಕೊನೆಗೆ ನನ್ನ ಕೈ ಸೇರಿತು. ಅಂದಿನಿಂದ ಕೆಲಸಕ್ಕೆ ಹೋಗಿಲ್ಲ. ಕರಾವಳಿಯ ಕಾವಲಿನವರ ಹತ್ತಿರ ಹೋದೆ. ಹಿಡಿದು ವಾಪಸು ಕಳಿಸಿದವರಲ್ಲಿ ಅವರ ಹೆಸರಿಲ್ಲ. ದಕ್ಷಿಣದ ದ್ವೀಪಗಳ ಆಸ್ಪತ್ರೆಗಳನ್ನೆಲ್ಲ ಸುತ್ತಿದೆ. ಹೆಣಗಳನ್ನಿಡುವ ಕಡೆಗೂ ಹೋದೆ, ಅಲ್ಲೂ ಇಲ್ಲ. ರೇಡಿಯೋದಲ್ಲಿ ಹೆಸರು ಓದಿಸಿದೆ. ಒಬ್ಬ ಮೀನುಗಾರ ಫೋನು ಮಾಡಿ ಹಸಿರು ಕಾರೊಂದು ತೇಲುತ್ತಿದ್ದುದನ್ನು ದೂರದಿಂದ ನೋಡಿದೆ ಎಂದ. ಒಳಗೆ ಯಾರಾದರೂ ಇದ್ದರೇ ಎಂದೆ. ಕುಡಿದಿದ್ದೆ, ಸರಿಯಾಗಿ ಹೇಳಲಾರೆ ಎಂದ. ಅವನ ದೋಣಿಯಲ್ಲಿ ಆ ಜಾಗಕ್ಕೆ ಹೋಗಿ ನೋಡಿ ಬಂದೆ. ಬರೀ ನೀರು.

ನೀನು ಬಾಯಿ ಮುಚ್ಚಿಕೊಂಡದ್ದು ನನ್ನ ಮಾತಿಗೆ. ಅದನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ.

ಪಟ್ಟಿ ಹಿಡಿಯಿತೋ ಬಿಟ್ಟಿತೋ ನನಗೆ ತಿಳಿಯುವ ದಾರಿಯಿಲ್ಲ. ಎಂಜಿನ್ ನಿಂತಿತೇ, ದಿಕ್ಕು ತಪ್ಪಿತೇ, ಅದೂ ತಿಳಿಯುವುದಿಲ್ಲ. ಸರಿಯಾದದ್ದನ್ನೇ ಕಳಿಸಿದ್ದರೂ ಹೀಗೇ ಆಗುತ್ತಿತ್ತೇನೋ ಎಂದು ಇಲ್ಲಿನ ಪಾದ್ರಿ ಸಮಾಧಾನ ಹೇಳಿದರು. ಆಗುತ್ತಿತ್ತೇನೋ. ಅವರಿಗೆ ಅಂಗಡಿಯ ವಿಷಯ ಹೇಳಲಿಲ್ಲ, ನಿನಗೆ ಹೇಳುತ್ತೇನೆ.

ಎರಡೂ ಬಗೆಯವು ಒಂದೇ ಮೊಳೆಗೆ ತೂಗುಹಾಕಿದ್ದವು. ತೆಳುವಾದದ್ದು ಮುಂದಿತ್ತು. ಅದನ್ನು ತೆಗೆದು ಪಕ್ಕಕ್ಕಿಟ್ಟ ಮೇಲೆಯೇ ಹಿಂದಿನದು ಕೈಗೆ ಸಿಗಬೇಕಿತ್ತು. ತೆಗೆದೆ, ಎಳೆದು ನೋಡಿದೆ, ಹೊಸ ರಬ್ಬರು, ಮೆತ್ತಗೆ, ಬಲವಾಗಿತ್ತು. ಪಕ್ಕಕ್ಕಿಟ್ಟು ಹಿಂದಿನದನ್ನು ತೆಗೆದುಕೊಂಡೆ. ಅಂಗಡಿಯ ಮುದುಕ, "ಯಾವ ವರ್ಷದ್ದು ಅಂತ ಖಾತ್ರಿ ಮಾಡ್ಕೊಂಡಿದ್ಯೇನಪ್ಪಾ? ಕೊಟ್ಟ ಮೇಲೆ ವಾಪಸ್ ತಗೊಳಲ್ಲ" ಎಂದ.

"ಖಾತ್ರಿ ಮಾಡ್ಕೊಂಡಿದೀನಿ" ಎಂದೆ. ಸುಳ್ಳು ಹೇಳಲಿಲ್ಲ ಸೊರಾಯ್ದಾ. ನನಗೆ ಖಾತ್ರಿಯಾಗಿ ಗೊತ್ತಿತ್ತು.

ಅರ್ಸೆನಿಯೊ